ಹನ್ನೊಂದು ಮಿಲಿಮೀಟರ್ ಅಂಟು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನನ್ನನ್ನು ಹೊಗಳಿ ಸುಸ್ತಾಗಿರುವ ಅತಿಥಿಗಳೇ, ಊಟದ ಹೊತ್ತು ಮೀರಿದರೂ ಕದಲದ ಸಭಿಕರೇ,

ಕರೆಂಟು ತೆಗೆಯುವ ಗಾಳಿಯಂತ್ರದ ಹೊಸ ರೆಕ್ಕೆಗಾಗಿ ನನಗೆ ಈ ಫಲಕ ಕೊಟ್ಟಿದ್ದೀರಿ. ರೆಕ್ಕೆಯ ವಿಷಯ ನನಗೇನು ಗೊತ್ತು? ಈ ಕಾರ್ಖಾನೆಗೆ ನಾನು ಸೇರಿದ್ದು ದುಂಡಗಿನ ಅಕ್ಷರದ ಬಲದಿಂದ. ಕೆಳಗಿನಿಂದ ಅಂಟು ಮೆತ್ತಿದ ಅಳತೆ ಚೀಟಿಗಳು ಬರುತ್ತಿದ್ದವು. ಅವನ್ನು ಶುದ್ಧಪ್ರತಿ ಮಾಡುವುದು ನನ್ನ ಕೆಲಸ. ಶುದ್ಧಪ್ರತಿ ಮಾಡುತ್ತಲೇ ಮ್ಯಾನೇಜರಾದೆ. ಆಮೇಲೂ ಚೀಟಿಗಳನ್ನು ಬಿಡಲಿಲ್ಲ. ಚಟ, ನೋಡಿ.

ಆ ಚೀಟಿ ಬರೆಯುತ್ತಿದ್ದವನು ನನ್ನ ಅಣ್ಣ. ಬೆರಳ ಗೆಣ್ಣಿನಿಂದ ರೆಕ್ಕೆಯನ್ನು ತಟ್ಟಿ, ಕಿವಿಗೊಟ್ಟು, ಎರಡು ಹೋಳು ಕೂಡಿಸಿದ ಒಳಗಿನ ಅಂಟು ಹೇಗಿದೆ ಎಂದು ಹೇಳಿಬಿಡುತ್ತಿದ್ದ. ಅವನ ಮಗಳು ಪುಟ್ಟಿ ಮಹಡಿಯ ಮೇಲೆ, ಇಪ್ಪತ್ತು ವರ್ಷದ ಗಾಳಿಯನ್ನು ಕಂಪ್ಯೂಟರಿನೊಳಗೆ ಒಂದೇ ಮಧ್ಯಾಹ್ನದಲ್ಲಿ ಬೀಸಿಸಿ, ಅದೇ ರೆಕ್ಕೆ ಬಾಳುತ್ತದೆಯೋ ಇಲ್ಲವೋ ಹೇಳುತ್ತಿದ್ದಳು. ಅಪ್ಪನ ಅಳತೆ ಮಗಳಿಗೆ ತಲುಪುತ್ತಿದ್ದದ್ದು ನನ್ನ ಶುದ್ಧಪ್ರತಿಯಲ್ಲಿ.

ಮೂರು ವರ್ಷದ ಹಿಂದೆ ಒಂದು ರೆಕ್ಕೆಯನ್ನು ತಟ್ಟಿ ಅಣ್ಣ ಹುಬ್ಬು ಗಂಟಿಕ್ಕಿದ. ಅಂಚಿನಲ್ಲಿ ಕೊರೆದು ಅಳೆದ. ಅಂಟು ದಪ್ಪವಾದಷ್ಟೂ ಬೇಗ ಬಿರಿಯುತ್ತದೆ. ನಕ್ಷೆಯಲ್ಲಿ ಮೂರು ಮಿಲಿಮೀಟರ್ ಇದ್ದದ್ದು ಅಲ್ಲಿ ಹನ್ನೊಂದಿತ್ತು.

"ಹನ್ನೊಂದು ಬರೆದಿದೀನಿ ಕಣೋ. ಪುಟ್ಟಿ ನೋಡ್ಲಿ. ಅವಳು ತಡಿಯುತ್ತೆ ಅಂದ್ರೆ ನಾನೇ ಕಂಬ ಹತ್ತಿ ಕೂರಿಸ್ತೀನಿ," ಅಂದ.

ಹೊರಗೆ ಉದ್ದನೆಯ ಲಾರಿ ಕಾಯುತ್ತಿತ್ತು. ನಾನು ಮೂರು ಎಂದು ಬರೆದೆ. ಮುತ್ತಿನಂಥ ಮೂರು.

ಪುಟ್ಟಿ ತಡೆಯುತ್ತದೆ ಅಂದಳು. ಅಣ್ಣ ಹತ್ತಿ ಕೂರಿಸಿದ. ಆದರೂ ಆ ಸದ್ದು ಅವನ ಕಿವಿಯಿಂದ ಹೋಗಲಿಲ್ಲ. ಐದನೇ ತಿಂಗಳು ಮತ್ತೊಮ್ಮೆ ತಟ್ಟಿ ನೋಡಲು ಹಗ್ಗ ಕಟ್ಟಿಕೊಂಡು ಇಳಿದಾಗ, ರೆಕ್ಕೆ ಅಂಚಿನಲ್ಲಿ ಸೀಳಿ ಅವನನ್ನೂ ಕೆಡವಿತು. ಅಣ್ಣ ಉಳಿಯಲಿಲ್ಲ.

ವಿಚಾರಣೆಯವರು 'ಕಂಪ್ಯೂಟರ್ ಲೆಕ್ಕದ ದೋಷ' ಎಂದು ಬರೆದರು. ಅದನ್ನೂ ಶುದ್ಧಪ್ರತಿ ಮಾಡಿದವನು ನಾನೇ.

ಅಂದಿನಿಂದ ಪುಟ್ಟಿ ತನ್ನ ತಪ್ಪನ್ನು ಹುಡುಕುತ್ತಿದ್ದಾಳೆ. ಗಾಳಿ ಬದಲಿಸಿದಳು, ಪದರ ಬದಲಿಸಿದಳು, ರೆಕ್ಕೆಯ ಬಾಗು ಬದಲಿಸಿದಳು. ಎಂಟುನೂರ ಹದಿನಾಲ್ಕು ಸಲ, ಎಣಿಸಿದ್ದೇನೆ. ಇಲ್ಲದ ತಪ್ಪು ಸಿಗುವುದಾದರೂ ಹೇಗೆ? ಹುಡುಕುವಾಗ ಸಿಕ್ಕಿದ್ದು ಈ ಹೊಸ ರೆಕ್ಕೆ. ಫಲಕ ಮಾತ್ರ ನನಗೆ.

ಮೊನ್ನೆ ಕೇಳಿದಳು: "ಚಿಕ್ಕಪ್ಪ, ಅಪ್ಪನಿಗೆ ನಾನ್ಯಾಕೆ ತಡಿಯುತ್ತೆ ಅಂದೆ?"

ಚಹಾ ಆರುತ್ತಿದೆ, ಕುಡಿ ಅಂದೆ.

ಈ ಮಾತಿಗೆ ಅವಳ ಅಡುಗೆಮನೆಯೇ ಸಾಕಿತ್ತು. ಅಲ್ಲಿ ನನಗೆ ಬಾಯಿ ಬರಲಿಲ್ಲ. ಮೈಕು ಕೊಟ್ಟರೆ ಮಾತ್ರ ಮಾತು ಹೊರಡುವ ಮನುಷ್ಯ ನಾನು. ಅಣ್ಣನ ಚೀಟಿ ಮೂರು ವರ್ಷದಿಂದ ನನ್ನ ಜೇಬಿನಲ್ಲಿದೆ. ಇಗೋ, ಹನ್ನೊಂದು. ಅಕ್ಷರ ಚೆನ್ನಾಗಿಲ್ಲ, ಸರಿಯಾಗಿದೆ.

ಪುಟ್ಟೀ, ಕೊನೆಯ ಸಾಲಿನಲ್ಲಿ ಎದ್ದು ನಿಂತಿದ್ದೀಯ, ಕಾಣಿಸುತ್ತಿದೆ. ಇನ್ನು ಹುಡುಕಬೇಡಮ್ಮ.

ಸಭಿಕರೇ, ದಯವಿಟ್ಟು ಕಾಲು ಮಡಚಿಕೊಳ್ಳಿ, ಅವಳು ಬಾಗಿಲಿಗೆ ಹೋಗಬೇಕು. ಅಧ್ಯಕ್ಷರೇ, ಫಲಕ ಮೇಜಿನ ಮೇಲಿಟ್ಟಿದ್ದೇನೆ. ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮಗೆಲ್ಲ ನಾನು ಋಣಿ.

ನಮಸ್ಕಾರ.