ಅಪ್ಪ ಅರ್ಧಕ್ಕೆ ಬಿಟ್ಟ ವಿಮಾನ

ಜೇವರ್ಗಿ ನಿಲ್ದಾಣದಲ್ಲಿ ನೆಲೋಗಿ ಬಸ್ಸಿಗೆ ಕಾಯುತ್ತಿದ್ದ ಮೆಹನಾಜಳ ಪಕ್ಕದಲ್ಲಿ ಅಣ್ಣತಮ್ಮಂದಿರಿಬ್ಬರು ಬಂದು ಕುಳಿತರು. ಅಣ್ಣನ ಅಂಗೈಗೆ ಸುತ್ತಿದ್ದ ಟವೆಲ್ಲಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ತಮ್ಮನ ತುಟಿ ಒಡೆದಿತ್ತು. ಅವಳು ಹೆದರಿ ಸರಿದು ಕುಳಿತಳು.

“ಪ್ಲಾಸ್ಟಿಕ್ ಇಮಾನದ ಸಲುವಾಗಿ ನನ್ನ ಕೈಗೆ ಬ್ಲೇಡ್ ಹಾಕ್ತೀಯೇನಲೇ, ಗುರುಲಿಂಗ?” ಅಂದ ಅಣ್ಣ.

“ಅಪ್ಪ ಅರ್ಧಾ ಮಾಡಿಟ್ಟು ಸತ್ತಿದ್ದಣ್ಣ. ಹಳೇ ರೆಕ್ಕಿ ಉಜ್ಜಿ, ಮೂತಿಗೆ ಹೊಸಾ ಪಂಖಾ ಕೂಡ್ಸಿ, ಬಣ್ಣ ಹಚ್ಚಾಕತ್ತಿದ್ದೆ. ನೀ ಬಂದು ತುಳದಿ. ನನ್ನ ಬಾಯಿಗೂ ಗುದ್ದಿದಿ.”

“ಅಪ್ಪ ನಿನ್ನ ತೊಡಿ ಮ್ಯಾಲ ಕುಂದರಿಸ್ಕೊಂಡು ಅದನ್ನ ಅಂಟಿಸ್ತಿದ್ದ. ನನ್ನನ್ನ ದನದ ಕೊಟ್ಟಿಗ್ಯಾಗ ಕಟ್ಟಿ, ಬೆಲ್ಟಿಲೆ ಹೊಡಿತಿದ್ದ.”

ತಮ್ಮ ಒಡೆದ ತುಟಿ ಒರೆಸಿಕೊಂಡ.

“ಮೊದ್ಲೇ ಹೇಳಿದ್ದರ, ನಾನೇ ತುಳಿತಿದ್ದೆ.”

ಅಷ್ಟರಲ್ಲಿ ಕಲಬುರಗಿ ಬಸ್ ಬಂತು. ಹೊಲಿಗೆ ಹಾಕಿಸಬೇಕಿದ್ದ ಅಣ್ಣ ಎದ್ದ. ತೋಳು ಹಿಡಿದು ಹತ್ತಿಸಲು ಬಂದ ತಮ್ಮನನ್ನು ಅವನು ದೂಡಲಿಲ್ಲ.