ಡಬ್ಬಾನೇ ಸಾಕು ನನಗೆ

ಮುಟ್ಟಬೇಡ ಅಂದ್ನಲ್ಲ ಅದನ್ನ. ಬಂದ ಹಾಗೇ ಪೆಟ್ಟಿಗೇಲೇ ಇರಲಿ, ಚಿಲಕ ಗಿಲಕ ತೆಗೆಯೋದು ಬೇಡ. ಒಂದು ಗೀರು ಬಿದ್ದರೂ ಅಂಗಡಿಯವನು ವಾಪಸ್ ತಗೊಳಲ್ಲ... ಏನು? ಆ ಕಿಟಕಿ ಬಿಟ್ಟು ಈ ಕಡೆ ಬಂದು ಹೇಳೇ. ಬೆಳಕಿಗೆ ಬೆನ್ನು ಹಾಕಿ ನಿಂತರೆ ಮುಖಾನೇ ಕಾಣಲ್ಲ ನಿನ್ನದು. ಹಾಂ, ಅಲ್ಲಿ, ಕುರ್ಚಿ ಮೇಲೆ ಕೂತ್ಕೋ. ಈಗ ಹೇಳು.

ವಾಪಸ್ ಕೊಡೋಕೆ ತಂದಿದ್ದಲ್ಲ. ಗೊತ್ತು ಕಣೇ. ಬ್ಯಾಂಡಿನವರೆಲ್ಲ ಸೇರಿ ತಂದಿದ್ದೀರಿ. ನನಗೊಂದು ಹೊಸ ಬೇಸ್ ಗಿಟಾರು, ಅದಕ್ಕೊಂದು ಹೊಸ ಆಂಪ್ಲಿಫೈಯರು. ನಮ್ಮ ಡ್ರಮ್ಮರ್ ಗಡ್ಡ ತಾನೇ ಹೊತ್ಕೊಂಡು ಬಂದು, ಪ್ಲಗ್ಗೂ ಹಾಕಿ ಹೋಗಿದ್ದಾನೆ. ಡ್ರಮ್ ಬಾರಿಸೋದು ಬಿಟ್ಟರೆ ಒಂದು ಲೋಟ ಎತ್ತಿಡದ ಮನುಷ್ಯ, ನನಗೋಸ್ಕರ ಮೂರು ಮಹಡಿ ಹತ್ತಿದ್ದಾನೆ. ಅಷ್ಟು ಪ್ರೀತಿ ಮಾಡಿದರೆ ನನಗೆ ಭಯ ಆಗುತ್ತೆ.

ನನ್ನ ಹಳೇದಕ್ಕೆ ಏನಾಗಿದೆ ಈಗ? ನಗಬೇಡ, ಹೇಳು. ಸರಿ, ಪ್ಲೈವುಡ್ಡು. ಸರಿ, ಹೆಸರು ಅಳಿಸಿಹೋಗಿದೆ. ಒಂದು ಬಿರಡೆ ಇನ್ಯಾವುದೋ ಗಿಟಾರಿಂದ ಕಿತ್ತು ಹಾಕಿದ್ದು, ಒಪ್ಪಿದೆ. ತಂತಿ ಬದಲಾಯಿಸದೆ, ಜಿಡ್ಡು ಬಿಡಲಿ ಅಂತ ನಿನ್ನ ಹಾಲಿನ ಪಾತ್ರೇಲಿ ಕುದಿಸಿ ಕುದಿಸಿ ಮತ್ತೆ ಹಾಕ್ತೀನಿ... ಆ ಪಾತ್ರೆ ವಿಷಯ ಇನ್ನೂ ಮರೆತಿಲ್ವಾ ನೀನು? ತೊಳೆದಿಟ್ಟಿದ್ದೆ ಕಣೇ. ಹಾಲಲ್ಲಿ ತುಕ್ಕಿನ ವಾಸನೆ ಅಂತ ಒಂದು ವಾರ ಕಾಫಿ ಬಿಟ್ಟು ಕೂತಿದ್ದೆ ನೀನು, ನಾನೇನು ಮರೆತಿದ್ದೀನಾ.

ಇನ್ನು ಆ ಡಬ್ಬ. ಡಬ್ಬ ಅಂತ ಹೆಸರಿಟ್ಟವಳೂ ನೀನೇ. ಮುಚ್ಚಿಹೋದ ಚಿತ್ರಮಂದಿರದ ಸ್ಪೀಕರನ್ನ ಹಲಗೆ ಪೆಟ್ಟಿಗೇಲಿ ಕೂರಿಸಿ ಮೊಳೆ ಹೊಡೆದಿದ್ದೀನಿ, ಅಷ್ಟೇ. ಅದು ಅಲ್ಲಾಡುತ್ತೆ. ನಾನು ಒಂದು ತಂತಿ ಮೀಟಿದರೆ ಅಡಿಗೆಮನೇಲಿ ಲೋಟಗಳು ಒಂದಕ್ಕೊಂದು ಡಿಕ್ಕಿ ಹೊಡೀತವೆ, ನೆಲ ನಡುಗುತ್ತೆ. ಕೆಳಗಡೆ ಮನೆಯವರು ಕೋಲು ತಗೊಂಡು ಸೂರಿಗೆ ಗುದ್ದುತ್ತಾರೆ. ಸಂಗೀತ ಅಂದ್ರೆ ಹಾಗಿರಬೇಕು, ಪಕ್ಕದ ಮನೆಯವರಿಗೂ ಪಾಲು ಸಿಗಬೇಕು.

ಈ ದುಬಾರಿದು ಅಲ್ಲಾಡೋದೇ ಇಲ್ಲವಂತೆ. ಗಡ್ಡ ಹೆಮ್ಮೆಯಿಂದ ಹೇಳಿದ, ಒಂದು ಚೂರೂ ಅದುರಲ್ಲ ಅಂತ. ಅದುರದೇ ಇದ್ದರೆ ಅದು ಯಾತರ ಬೇಸು? ಬೇಸ್ ಇದೆ ಅಂತ ಯಾರಿಗೂ ಗೊತ್ತಾಗಬಾರದು, ನಿಂತುಹೋದಾಗ ಮಾತ್ರ ಏನೋ ಕಳ್ಕೊಂಡೆ ಅನ್ನಿಸಬೇಕು. ನೆಲದ ಹಾಗೆ. ನೆಲಕ್ಕೆ ಯಾರಾದರೂ ಪಾಲಿಶ್ ಹಾಕಿಸಿ ಬೀಗ ಹಾಕಿಡ್ತಾರಾ?

ಅಲ್ಲ, ಹಾಕಿಸ್ತಾರೆ, ಹೋಟೆಲ್ಲಲ್ಲಿ ಹಾಕಿಸ್ತಾರೆ. ಮಾತಿಗೆ ಹೇಳಿದೆ. ಎಲ್ಲದಕ್ಕೂ ಅಡ್ಡಬಾಯಿ ಹಾಕಬೇಡ.

ಚಪ್ಪಲಿನಾ? ವೇದಿಕೆ ಮೇಲೆ ಚಪ್ಪಲಿ ಯಾಕೆ ಬಿಡ್ತೀನಿ ಅಂದ್ರೆ... ಸೆಖೆ ಕಣೇ. ಬರಿಗಾಲಲ್ಲಿ ನಿಂತು, ಹಿಮ್ಮಡಿ ಡಬ್ಬಕ್ಕೆ ಒತ್ತಿಕೊಂಡು ನುಡಿಸಿದರೆ ಒಂದು ಸುಖ. ನೋಡೋರು ನಗ್ತಾರೆ, ನಗಲಿ. ಎಲ್ಲರೂ ಹಾಡೋ ನಿನ್ನ ಮುಖ ನೋಡೋಕೆ ಬಂದಿರ್ತಾರೆ, ನನ್ನ ಪಾದ ನೋಡೋಕಲ್ಲ.

ಯಾರು? ಅಪ್ಪನಾ? ಅಪ್ಪ ಎಲ್ಲಿಂದ ಫೋನ್ ಮಾಡ್ತಾನೆ, ನಾನೇ ಹೆಗಲು ಕೊಟ್ಟು ಬಂದಿದ್ದೀನಿ... ಓ. ಭಾವ. ಭಾವ ಅಂದ್ಯಾ. ಅಣ್ಣ ಫೋನ್ ಮಾಡಿದ್ನಾ? ಹಾಗನ್ನು ಮತ್ತೆ. ನನಗೆ ಮಾವ ಅಂತ ಕೇಳಿಸ್ತು. ಏನೋ ಯೋಚನೇಲಿದ್ದೆ. ಯಾಕೆ ಹಾಗೆ ನೋಡ್ತೀಯ? ಯಾರಿಗೂ ಒಂದು ಇನ್ನೊಂದರ ಹಾಗೆ ಕೇಳಿಸೋದೇ ಇಲ್ವಾ? ಮನೇಲೇ ಇದ್ದೆ ಕಣೇ, ಫೋನು ಹೊಡ್ಕೊಂಡಾಗ ಸ್ನಾನಕ್ಕೆ ಹೋಗಿದ್ದಿರಬೇಕು. ಎಷ್ಟು ಸಲ ಮಾಡಿದ್ನಂತೆ? ಅಷ್ಟು ಸಲಾನೂ... ಉದ್ದ ಸ್ನಾನ. ತಲೆಗೆ ಎಣ್ಣೆ ಹಚ್ಚಿದ್ದೆ.

ಬಿಡು ಈಗ ಅಣ್ಣನ ವಿಷಯ. ಈ ಪೆಟ್ಟಿಗೆ ವಿಷಯ ಮಾತಾಡೋಣ.

ಗೊತ್ತು, ಮೊನ್ನೆ ಹೋಟೆಲ್ಲಿನ ಕಾರ್ಯಕ್ರಮದಲ್ಲಿ ಏನಾಯ್ತು ಅಂತ ನನಗೂ ಗೊತ್ತು. ಹಾಡು ಮುಗೀತು, ನೀನು ನಿಲ್ಲಿಸಿದೆ, ಗಡ್ಡ ನಿಲ್ಲಿಸಿದ, ಕೀಬೋರ್ಡಿನ ಹುಡುಗಿ ನಿಲ್ಲಿಸಿದಳು, ನಾನೊಬ್ಬ ನುಡಿಸ್ತಾನೇ ಇದ್ದೆ. ಎಲ್ಲರೂ ತಿರುಗಿ ನೋಡ್ತಾ ಇದ್ದರೆ ನಾನು ತಲೆ ಬಗ್ಗಿಸ್ಕೊಂಡು ಗುಂಯ್ ಗುಂಯ್ ಅಂತ. ಜನ ಅದೊಂದು ತಮಾಷೆ ಅಂದ್ಕೊಂಡು ಚಪ್ಪಾಳೆ ತಟ್ಟಿದರು. ನೀನೂ ನಗ್ತಾ ಸುಧಾರಿಸಿದೆ. ಡಬ್ಬದ ತಪ್ಪು ಅಂತ ಅವತ್ತೇ ಹೇಳ್ಲಿಲ್ವಾ ನಾನು? ಎಲ್ಲಾ ಕಲಸಿಹೋಗಿ ಒಂದೇ ಸದ್ದಾಗಿಬಿಟ್ಟಿತ್ತು.

ಮತ್ತೆ ಆ ಗೌನು. ನೆಲ ಗುಡಿಸೋ ಅಂಥ ಗೌನು ಹಾಕ್ಕೊಂಡು ಬಂದಿದ್ದೆ ನೀನು ಅವತ್ತು. ಚೆನ್ನಾಗಿಲ್ಲ ಅಂತಲ್ಲ, ಚೆನ್ನಾಗಿತ್ತು, ಆದರೆ ಇನ್ನು ಮೇಲೆ ಹಾಕಬೇಡ. ಮೊದಲಿಂದ ಹಾಕ್ತಿದ್ದೀಯಲ್ಲ, ಕಾಲು ಕಾಣೋ ಹಾಗೆ, ಅದನ್ನೇ ಹಾಕು. ಎಡವಿ ಬಿದ್ದರೆ? ಅದಕ್ಕೇ ಹೇಳಿದ್ದು. ಗೌನಿಗೂ ಬೇಸಿಗೂ ಏನು ಸಂಬಂಧ ಅಂತ ಕೇಳಬೇಡ, ಏನೋ ಬಾಯಿಗೆ ಬಂತು, ಅಂದೆ.

ನಾನು ಡಬ್ಬದ ತಪ್ಪು ಅಂದದ್ದನ್ನ ನೀನು ನಂಬಿದೆ ನೋಡು, ಅದೇ ಆಗಿದ್ದು. ಬ್ಯಾಂಡಿನವರ ಹತ್ರ ಹೋಗಿ ನನ್ನ ಪರವಾಗಿ ಜಗಳ ಆಡಿದೆಯಂತೆ. ಇವರದ್ದು ಏನೂ ತಪ್ಪಿಲ್ಲ, ಇವರ ಕೈಗೆ ಒಂದು ಒಳ್ಳೇದು ಕೊಟ್ಟು ನೋಡಿ, ಆಮೇಲೆ ಮಾತಾಡಿ ಅಂತ. ಗಡ್ಡ ಹೇಳಿದ. ಮೇಜು ಕುಟ್ಟಿದೆಯಂತೆ. ಅದಕ್ಕೆ ಅವರು ಸರಿ ಅಂದಿದ್ದಾರೆ. ನಾಳೆ ಅಭ್ಯಾಸಕ್ಕೆ ಇದರಲ್ಲಿ ನುಡಿಸಬೇಕು. ಇದರಲ್ಲೂ ತಾಳ ತಪ್ಪಿದರೆ ಬೇರೆಯವನನ್ನ ನೋಡ್ತಾರೆ.

ಇಲ್ಲ, ನೀನು ಮುಚ್ಚಿಡಬೇಡ, ಗಡ್ಡ ಮೆಟ್ಟಿಲಲ್ಲೇ ಹೇಳಿಬಿಟ್ಟ. ಕಣ್ಣಲ್ಲಿ ನೀರು ಹಾಕ್ಕೊಂಡು ಹೇಳಿದ, ಪಾಪ.

ಡಬ್ಬ ಇದ್ದರೆ ಬೈಯೋಕೆ ಒಂದು ಡಬ್ಬ ಅಂತಾದರೂ ಇರುತ್ತೆ ಕಣೇ. ಇದು ಬಂದರೆ... ಯಾರನ್ನ ಬೈಯೋದು?

ಏನಿಲ್ಲ. ಹಾಗಂದ್ರೆ ಏನಿಲ್ಲ. ಬಾಯಿಗೆ ಕೈ ಅಡ್ಡ ಇಟ್ಕೊಂಡು ಮಾತಾಡಬೇಡ ಅಂತ ಎಷ್ಟು ಸಲ ಹೇಳಿದ್ದೀನಿ ನಿನಗೆ. ಕೈ ತೆಗಿ.

ಹೆದರಿಕೆ ನನಗಾ? ಹೆದರಿಕೆ ಯಾತಕ್ಕೆ? ಕೇಳಿಲ್ಲಿ. ನಾನು ಸುಮ್ಮನೆ ಹಟ ಮಾಡ್ತಿದ್ದೀನಿ ಅಂತ ತಾನೇ ನಿನ್ನ ಲೆಕ್ಕ? ಬಾ, ಒಂದು ಪರೀಕ್ಷೆ ಮಾಡೋಣ. ನಾನು ಗೋಡೆ ಕಡೆ ಮುಖ ಮಾಡಿ ನಿಲ್ತೀನಿ. ನಿನಗೆ ಬರುತ್ತಲ್ಲ, ಕಲಿಸಿದ್ದೀನಿ, ಆ ದಪ್ಪ ತಂತಿ ಒಂದು ಮೀಟು ಸಾಕು. ಒಂದು ಸಲ ನನ್ನದನ್ನ ಮೀಟು, ಒಂದು ಸಲ ಆ ಮಹಾರಾಣಿನ. ಯಾವುದು ಮೊದಲು ಅಂತ ಹೇಳಬೇಡ. ಯಾವುದು ಯಾವುದು ಅಂತ ನಾನು ಹೇಳ್ತೀನಿ. ಹೇಳಿದರೆ ಒಪ್ಕೋಬೇಕು, ಇವರ ಕಿವಿ ಇವರಿಗೆ ಗೊತ್ತು, ಇವರಿಗೆ ಡಬ್ಬಾನೇ ಸರಿ ಅಂತ ಗಡ್ಡನಿಗೆ ಹೇಳಬೇಕು, ಇದನ್ನ ನಾಳೆ ಬೆಳಿಗ್ಗೆ ಅಂಗಡಿಗೆ ಕಳಿಸಬೇಕು. ಆಯ್ತಾ? ಆಣೆ?

ಇರು, ಚಪ್ಪಲಿ ಬಿಡ್ತೀನಿ. ಸೆಖೆ ಅಂದ್ನಲ್ಲ. ಹಾಂ. ಇಲ್ಲಿ ನಿಂತೆ. ಗೋಡೆ ಬಿಟ್ಟು ಬೇರೆ ಏನೂ ಕಾಣ್ತಿಲ್ಲ. ಶುರು ಮಾಡು.

ಹೂಂ... ಹೂಂ! ನನ್ನದು. ನನ್ನದೇ ಇದು. ಕೇಳಿಸ್ತಾ ನಿನಗೆ ಹೇಗೆ ಬಂತು ಅಂತ? ಅಂಗಾಲಿಂದ ಮಂಡಿವರೆಗೆ ಬಂತು. ಆ ಡಬ್ಬದ ಮೊಳೆ ಸಡಿಲ ಆಗಿದೆಯಲ್ಲ, ಅದೂ ಬಂತು. ಇದನ್ನ ನಾನು ನಿದ್ದೇಲೂ ಗುರುತು ಹಿಡೀತೀನಿ. ಈಗ ಅದು. ನಿಧಾನವಾಗಿ ಇಳಿಸು ನನ್ನದನ್ನ, ಬೀಳಿಸೀಯ. ಬಿದ್ದರೂ ಏನಾಗಲ್ಲ ಬಿಡು, ಅದೇ ಅದರ ಗುಣ. ಈಗ ಮಹಾರಾಣಿನ ತೆಗಿ.

ತೆಗೆದ್ಯಾ? ಆತುರ ಇಲ್ಲ.

...

ಹಾಂ, ಇದು ಅದೇ. ಬಂತಲ್ಲ ಈಗ. ಹೇಳಿರಲಿಲ್ವಾ ನಾನು? ನುಣ್ಣಗಿದೆ, ಇಲ್ಲ ಅನ್ನಲ್ಲ. ಬೆಣ್ಣೆ ಥರ. ಆದರೆ ಜೀವ ಇಲ್ಲ ಕಣೇ ಇದರಲ್ಲಿ. ಇನ್ನೊಂದು ಸಲ ಮೀಟು.

ಹೂಂ. ಮತ್ತೆ ಅದೇ. ಎರಡು ಸಲ ಅದನ್ನೇ ಮೀಟಿ ನನ್ನ ಏಮಾರಿಸೋಣ ಅಂತಾನಾ? ನೋಡು, ಎಷ್ಟು ಬೆಲೆ ಕೊಟ್ಟರೇನು. ಯಾರೋ ಗುರುತಿಲ್ಲದವರು ದೂರದಲ್ಲಿ ನಿಂತು ಏನೋ ಅಂದ ಹಾಗಿದೆ. ಈ ದನಿಗೂ ನನಗೂ ಸಂಬಂಧಾನೇ ಇಲ್ಲ. ಇಂಥದ್ದನ್ನ ಹೆಗಲಿಗೆ ಹಾಕ್ಕೊಂಡು ನಾನು ನಿನ್ನ ಹಿಂದೆ ಹೇಗೆ ನಿಲ್ಲಲಿ, ನೀನೇ ಹೇಳು. ಸಾಕು, ಮುಚ್ಚಿಡು ಪೆಟ್ಟಿಗೇಲಿ.

ಏನೇ, ಬೆನ್ನು ಮುಟ್ಟಿ ಕರೀತೀಯ? ಸೋತ್ಯಾ? ಒಪ್ಕೊಂಡ್ಯಾ ಸೋ...

ಯಾಕೆ. ಯಾಕೆ ಹಾಗಿದೆ ನಿನ್ನ ಮುಖ?

ಪೆಟ್ಟಿಗೆ... ಪೆಟ್ಟಿಗೆ ಇನ್ನೂ ಮುಚ್ಚೇ ಇದೆಯಲ್ಲ. ಅಷ್ಟು ಬೇಗ ವಾಪಸ್ ಇಟ್ಟುಬಿಟ್ಯಾ? ಇಲ್ವಾ? ತೆಗೆದೇ ಇಲ್ವಾ? ಮತ್ತೆ ನೀನು ಯಾವುದನ್ನ... ಮೆಲ್ಲಗೆ ಹೇಳು. ಅಳ್ತಾ ಹೇಳಬೇಡ, ತುಟಿ ನಡುಗುತ್ತೆ, ಗೊತ್ತಾಗಲ್ಲ. ಇನ್ನೊಂದು ಸಲ.

ಚಿಲಕ. ಚಿಲಕ ತೆಗೆಯೋಕೆ ಬರಲಿಲ್ಲ. ಹೂಂ. ಹೇಗೆ ತೆಗೆಯೋದು ಅಂತ ಕೇಳೋಕೆ... ಕರೆದೆ. ಕರೆದ್ಯಾ? ಏನಂತ ಕರೆದೆ?

ರೀ.

ಎರಡು ಸಲಾನೂ.

...

ಜೀವ ಇಲ್ಲ ಅಂದ್ನಲ್ಲೇ ನಾನು. ದೂರದಲ್ಲಿ ಒಂಚೂರು ಗುಂಯ್ ಅಂದದ್ದು ತಂತಿ ಅಂದ್ಕೊಂಡು, ನಿನ್ನ ದನಿಗೇ ಗುರುತಿಲ್ಲದವರು ಅಂದೆ.

ಕೂತ್ಕೋ. ಬಾ, ಇಲ್ಲೇ ನೆಲದ ಮೇಲೇ ಕೂತ್ಕೋ, ನಾನೂ ಕೂತ್ಕೋತೀನಿ. ನಿನ್ನ ಕೈ ಎಷ್ಟು ತಣ್ಣಗಿದೆ. ಕಿವಿಯಿಂದ ಮೊದಲು ಹೋಗಿದ್ದು ಗಡ್ಡನ ಆ ಹಿತ್ತಾಳೆ ತಾಳ. ಒಳ್ಳೇದಾಯ್ತು ಅಂದ್ಕೊಂಡೆ, ಅಷ್ಟು ಜೋರಾಗಿ ಬಾರಿಸ್ತಿದ್ದ. ಆಮೇಲೆ ಫೋನು. ಆಮೇಲೆ ನೀನು. ಮೇಲಿನ ಸ್ವರದ್ದೆಲ್ಲ ಒಂದೊಂದೇ ಹೋಗ್ತಾ ಬಂತು, ಕೆಳಗಿನದು ಉಳಿದಿತ್ತು, ಬೇಸ್ ಉಳಿದಿತ್ತು. ಬೇರೆ ವಾದ್ಯದವನಾಗಿದ್ದರೆ ಯಾವಾಗಲೋ ಮನೇಲಿ ಕೂರ್ತಿದ್ದೆ. ಈಗ ಅದೂ ಕಾಲಲ್ಲಿ ಬಂದಷ್ಟೇ. ಡಾಕ್ಟರ ಹತ್ರ ಹೋಗಿದ್ದೆ ಕಣೇ, ನಿನಗೆ ಹೇಳದೆ. ಅವರು ಏನೇನೋ ಹೇಳಿದರು, ತಲೆ ಬಗ್ಗಿಸ್ಕೊಂಡು ಬರೀತಾ ಹೇಳಿದರು, ನನಗೆ ಒಂದೂ ತಿಳೀಲಿಲ್ಲ.

ನಿನ್ನ ಮಾತು ತುಟಿ ನೋಡಿ ತಿಳ್ಕೋತೀನಿ. ಗಡ್ಡನದಕ್ಕೆ ಮೀಸೆ ಅಡ್ಡ, ಎರಡೆರಡು ಸಲ ಹೇಳಿಸ್ಕೋಬೇಕು. ನಿನ್ನದು ಮಾತ್ರ ಸಲೀಸು, ಎಷ್ಟು ಕಾಲದಿಂದ ನೋಡಿರೋ ತುಟಿ. ಮಾವ ಅಂದ್ರೂ ಭಾವ ಅಂದ್ರೂ ಒಂದೇ ಥರ ಸೇರುತ್ತೆ, ಅಲ್ಲೇ ಎಡವಿದೆ. ಹಾಡು ಮುಗಿಯೋದು ನಿನ್ನ ಹಿಮ್ಮಡಿಯಿಂದ ಗೊತ್ತಾಗುತ್ತೆ. ಕೊನೇ ಸ್ವರ ಹಿಡಿಯೋವಾಗ ನೀನು ಎಡಗಾಲ ಹಿಮ್ಮಡಿ ಎತ್ತುತ್ತೀಯ, ಬಿಟ್ಟಾಗ ಇಳಿಸ್ತೀಯ. ನಿನಗೇ ಗೊತ್ತಿಲ್ವಾ? ಯಾವಾಗಲೂ ಎತ್ತುತ್ತೀಯ. ಅವತ್ತು ಆ ಗೌನು ಮುಚ್ಚಿಬಿಟ್ಟಿತ್ತು.

ಪ್ರತಿ ಸಲ ಇಳಿದು ಬಂದು ಇವತ್ತು ಹೇಗೆ ಹಾಡಿದೆ ಅಂತ ಕೇಳ್ತಿದ್ದೆಯಲ್ಲ. ಚೆನ್ನಾಗಿ ಹಾಡಿದೆ ಅಂತ ನಾನು ಅಂತಿದ್ದೆ. ನೀನು ನಂಬಿ, ನೀರು ಕುಡಿದು, ನನ್ನ ಹೆಗಲಿಗೆ ಒರಗ್ತಿದ್ದೆ. ನಿನ್ನ ಈ ಹೊಸ ಹಾಡುಗಳಲ್ಲಿ ಒಂದನ್ನೂ ನಾನು ಕೇಳಿಲ್ಲ ಕಣೇ. ಒಂದನ್ನೂ. ಹಳೇದು ಮನಸ್ಸಲ್ಲಿ ಇದೆ, ಅದನ್ನೇ ಹಾಕ್ಕೊಂಡು ಕೇಳ್ತಾ ನುಡಿಸ್ತಿದ್ದೆ. ಹೇಳಿದ್ದರೆ ನೀನು ಹಾಡೋದು ನಿಲ್ಲಿಸ್ತಿದ್ದೆ. ನಿನ್ನ ಗುಣ ನನಗೆ ಗೊತ್ತಿಲ್ವಾ.

ಏನಾದರೂ ಅನ್ನೇ. ಬೈಯಿ. ಬಾಯಿ ಹೀಗೆ ಬಿಗಿಹಿಡ್ಕೊಂಡು ಕೂತರೆ ನನಗೆ ಏನೂ ಇರಲ್ಲ, ಬೇರೆಯವರಿಗೆ ಮಾತು ನಿಂತ ಹಾಗಲ್ಲ ಇದು, ದೀಪ ಆರಿದ ಹಾಗೆ.

ಮಾತು ಬೇಡ ಹಾಗಾದರೆ. ಕರಿ ಒಂದು ಸಲ. ಅದನ್ನೇ, ರೀ ಅನ್ನು. ಅದಕ್ಕೆ ತುಟಿ ಸೇರೋದೂ ಇಲ್ಲ, ಸುಮ್ಮನೆ ಸ್ವಲ್ಪ ಅಗಲ ಆಗುತ್ತೆ, ಅಷ್ಟೇ. ತಪ್ಪಿಹೋಗೋದು ಸುಲಭ. ತಪ್ಪಿಹೋಗೋಕೆ ಬಿಡಲ್ಲ ಈ ಸಲ.

ಕರಿ. ನಿನ್ನ ಕಡೇನೇ ನೋಡ್ತಾ ಇದ್ದೀನಿ.