ಗುಲ್ಮ, ಜಠರ ಮತ್ತು ಏಳು ನಿಮಿಷ

ಅಧ್ಯಕ್ಷತೆ ವಹಿಸಿರುವ ನಮ್ಮ ಆಸ್ಪತ್ರೆಯ ನಿರ್ದೇಶಕರಾದ ಶ್ರೀ ಹೌ ಅವರೇ, ಆರೋಗ್ಯ ಕಚೇರಿಯಿಂದ ದಯಮಾಡಿಸಿರುವ ಅತಿಥಿಗಳೇ, ಬೇರು ತೊಗಟೆ ತೂಗುತ್ತಲೇ ತಲೆ ನರೆಸಿಕೊಂಡ ಔಷಧ ಕೋಣೆಯ ಗೆಳೆಯರೇ, ಹಿಂದಿನ ಸಾಲಿನಲ್ಲಿ ಕೂತು ಆಗಲೇ ಊಟದ ವಾಸನೆ ಹಿಡಿದಿರುವ ವಿದ್ಯಾರ್ಥಿಗಳೇ, ಸಭಿಕರೇ,

ನಿರ್ದೇಶಕರು ಈಗಷ್ಟೇ ನನ್ನನ್ನು 'ಗುಲ್ಮ-ಜಠರಗಳ ಸಾಮ್ರಾಟ' ಎಂದು ಕರೆದು ಸನ್ಮಾನದ ಫಲಕ ಕೊಟ್ಟರು. ನೀವು ಚಪ್ಪಾಳೆ ತಟ್ಟಿದಿರಿ. ನಾನು ನಗಲಿಲ್ಲ. ನನಗೆ ಸಿಟ್ಟು ಬಂದಿದೆ. ಬೀಳ್ಕೊಡುಗೆಯ ದಿನ ಸಿಟ್ಟಾಗಬಾರದು ಎಂದು ಹೆಂಡತಿ ಪೇಯಿಲಾನ್ ಹೇಳಿಯೇ ಕಳಿಸಿದ್ದಾಳೆ. ಆದರೂ ಬಂದಿದೆ.

ಯಾಕೆ? ಹೋದ ವಾರ ಸೂಚನಾ ಫಲಕದ ಮೇಲೆ ಒಂದು ಕಾಗದ ಬಿತ್ತು. ನಮ್ಮ ವಿಭಾಗದ ಡಾಕ್ಟರ್ ದುವಾನ್ ರುಯಿಫೆಂಗ್ ಅವರಿಗೆ ಎಚ್ಚರಿಕೆ ಪತ್ರ. ಅವರ ಅಪರಾಧವೇನು? ಲಂಚ ತಿಂದರೇ? ತಪ್ಪು ಔಷಧ ಕೊಟ್ಟರೇ? ಇಲ್ಲ. ಒಬ್ಬ ರೋಗಿಗೆ ಏಳು ನಿಮಿಷ ಮೀರಬಾರದು ಎಂಬ ನಿಯಮವಿದ್ದರೂ ಅವರು ಅರ್ಧ ಗಂಟೆ ಕೂತು ಮಾತಾಡಿಸಿದರಂತೆ! ಮಾತಾಡಿಸುವುದು ಅಪರಾಧವೇ ಸ್ವಾಮಿ?

ಮೂವತ್ತೊಂಬತ್ತು ವರ್ಷ ನಾನು ನಮ್ಮ ಚೀನೀ ವೈದ್ಯಪದ್ಧತಿಯ ಪಾಠ ಹೇಳಿದ್ದೇನೆ. ಜಠರ ಉಂಡದ್ದನ್ನು ಬರಮಾಡಿಕೊಳ್ಳುತ್ತದೆ, ಹದಗೊಳಿಸಿ ಕೆಳಗೆ ಕಳಿಸುತ್ತದೆ. ಎಡಪಕ್ಕೆಯಲ್ಲಿರುವ ಗುಲ್ಮ ಅದರ ಸಾರ ತೆಗೆದು ಮೇಲಕ್ಕೆ ಒಯ್ಯುತ್ತದೆ, ಮೈಗೆಲ್ಲ ಹಂಚುತ್ತದೆ. ರಕ್ತ ನಾಳ ಬಿಟ್ಟು ಹೋಗದಂತೆ ಹಿಡಿದಿಡುವುದೂ ಗುಲ್ಮವೇ. ಅತಿಯಾಗಿ ಚಿಂತಿಸಿದರೆ ಮೊದಲು ಬಳಲುವುದೂ ಅದೇ. ಇನ್ನು ನೀವೇ ಹೇಳಿ, ಚಿಂತೆಯನ್ನು ಕೇಳದೆ ಗುಲ್ಮದ ವೈದ್ಯ ಮಾಡುವುದು ಹೇಗೆ? ಏನು ಉಂಡೆ, ಯಾರ ಜೊತೆ ಉಂಡೆ, ಬೆಳಿಗ್ಗೆ ಹೊಟ್ಟೆ ಹೇಗೆ ಹೋಯಿತು ಎಂದು ಕೇಳದೆ ಬರೀ ನಾಡಿ ಹಿಡಿದರೆ ನಾಡಿ ಬಂದು ಕಿವಿಯಲ್ಲಿ ಉಸುರುತ್ತದೆಯೇ?

ಒಂಬತ್ತು ವರ್ಷದ ಹಿಂದಿನ ಮಾತು. ನನಗೆ ಗೊತ್ತಿರುವ ಒಬ್ಬ ಹೆಂಗಸು. ಮಾಧ್ಯಮಿಕ ಶಾಲೆಯಲ್ಲಿ ಗಣಿತದ ಮೇಡಂ. ಎರಡು ಚಮಚ ನವಣೆ ಗಂಜಿ ಕುಡಿದರೆ ಹೊಟ್ಟೆ ತುಂಬಿಬಿಡುತ್ತಿತ್ತು. ಮುಖ ಹಳದಿ, ಮೆಟ್ಟಿಲು ಹತ್ತಿದರೆ ಏದುಸಿರು. ವೈದ್ಯರೊಬ್ಬರು ನೋಡಿ ಹೇಳಿದರು: "ಗುಲ್ಮ ಸೋತಿದೆ ಕಣೇ. ಕಷಾಯ ಕುಡಿ, ಸರಿಹೋಗುತ್ತೆ." ಹನ್ನೊಂದು ತಿಂಗಳು ಕುಡಿದಳು. "ರೀ, ಏನೂ ರುಚಿಸ್ತಿಲ್ಲ" ಅಂದಾಗಲೆಲ್ಲ ವೈದ್ಯರು ಒಂದು ಕೈಯಲ್ಲಿ ನಾಡಿ ಹಿಡಿದು, ಇನ್ನೊಂದು ಕೈಯಲ್ಲಿ ತಮ್ಮ ಉಪನ್ಯಾಸದ ಹಾಳೆ ತಿದ್ದುತ್ತಿದ್ದರು.

'ಕಣೇ', 'ರೀ' ಎಂದು ಹೇಳಿಬಿಟ್ಟೆನಲ್ಲ. ಹೋಗಲಿ, ಮುಚ್ಚಿಟ್ಟು ಏನು ಮಾಡಲಿ? ಆ ಹೆಂಗಸು ಪೇಯಿಲಾನ್. ಆ ವೈದ್ಯ ನಾನೇ.

ಒಂದು ಬೆಳಿಗ್ಗೆ ಅವಳು ನನಗೆ ಹೇಳದೆ ನಮ್ಮದೇ ಆಸ್ಪತ್ರೆಗೆ ಬಂದು, ಚೀಟಿ ಮಾಡಿಸಿ, ಸಾಲಿನಲ್ಲಿ ಕೂತಳು. ಗಂಡನ ಬಾಗಿಲು ದಾಟಿ ಪಕ್ಕದ ಬಾಗಿಲಿಗೆ ಹೋದಳು. ಅಲ್ಲಿದ್ದ ಡಾಕ್ಟರ್ ದುವಾನ್ ಕೆಲಸಕ್ಕೆ ಸೇರಿ ಆಗಿನ್ನೂ ಎರಡು ತಿಂಗಳು.

"ಮೇಡಂ, ಮಲ ಯಾವ ಬಣ್ಣ ಇದೆ?"

"ಕಪ್ಪು. ಮೂರು ತಿಂಗಳಾಯ್ತು."

"ಕಷಾಯ ಕೊಡ್ತಿರೋ ಡಾಕ್ಟರಿಗೆ ಹೇಳಿಲ್ವಾ?"

"ಅವರು ಕೇಳಲಿಲ್ಲ."

"ಯಾರವರು?"

ಪೇಯಿಲಾನ್ ಗೋಡೆಯ ಮೇಲಿದ್ದ ನನ್ನ ಫೋಟೋ ತೋರಿಸಿದಳಂತೆ.

ರೋಗಿಯನ್ನು ಕೇಳಬೇಕಾದ ಹತ್ತು ಪ್ರಶ್ನೆಗಳನ್ನು ಹಾಡಿನಂತೆ ಬಾಯಿಪಾಠ ಮಾಡಿಸಿದವನು ನಾನು. ಮನೆಯಲ್ಲಿ ಒಂದನ್ನೂ ಕೇಳಿರಲಿಲ್ಲ.

ಡಾಕ್ಟರ್ ದುವಾನ್ ಅಂದೇ ನನ್ನ ಕೋಣೆಗೆ ಬಂದರು. "ಮೇಷ್ಟ್ರೇ, ಅಮ್ಮಾವ್ರಿಗೆ ಹೊಟ್ಟೆಯೊಳಗೆ ರಕ್ತ ಹೋಗ್ತಿದೆ ಅನ್ಸುತ್ತೆ. ನಗರದ ಆಸ್ಪತ್ರೆಗೆ ಕಳಿಸಿ, ಬಾಯಿಂದ ಕೊಳವೆ ಇಳಿಸಿ ನೋಡ್ಲಿ. ಇವತ್ತೇ ಕಳಿಸಿ."

ನಾನೇನೆಂದೆ ಗೊತ್ತೇ? "ನಿನ್ನೆ ಮೊನ್ನೆ ಬಂದವಳು ನನಗೆ ನಾಡಿ ಕಲಿಸ್ತೀಯಾ? ಹೊರಗೆ ನಡಿ!"

ಅವರು ಹೊರಗೆ ನಡೆದರು. ಆದರೆ ಪೇಯಿಲಾನಳನ್ನು ತಾವೇ ಬಸ್ಸು ಹತ್ತಿಸಿಕೊಂಡು ಹೋದರು. ಜಠರದಲ್ಲಿ ಗಡ್ಡೆ ಇತ್ತು. ನಗರದ ವೈದ್ಯರು ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆದರು. ಇವತ್ತು ನನ್ನ ಹೆಂಡತಿ ಬದುಕಿದ್ದಾಳೆ. ಸಮಾರಂಭಕ್ಕೆ ಕರೆದರೆ, "ನಿಮ್ಮ ಹೊಗಳಿಕೆಯೆಲ್ಲ ಅರಗಿಸಿಕೊಳ್ಳೋಕೆ ನಂಗೆಲ್ಲಿದೆ ಅಷ್ಟು ಹೊಟ್ಟೆ?" ಎಂದು ನಕ್ಕು ಮನೆಯಲ್ಲೇ ಉಳಿದಳು.

ನಗಬೇಡಿ. ಇನ್ನೂ ಮುಗಿದಿಲ್ಲ.

ಹೌ ಅವರೇ, ಆಗ ನೀವಿನ್ನೂ ಇಲ್ಲಿಗೆ ಬಂದಿರಲಿಲ್ಲ. ಈ ಏಳು ನಿಮಿಷದ ನಿಯಮ ಯಾರು ಮಾಡಿದ್ದೆಂದು ನಿಮಗೆ ಗೊತ್ತಿಲ್ಲ. ಕಡತ ತರಿಸಿ ನೋಡಿ. ಪೇಯಿಲಾನ್ ಆಪರೇಷನ್ ಆಗಿ ಮಲಗಿದ್ದ ವಾರದ ತಾರೀಖಿದೆ. 'ಕಿರಿಯ ವೈದ್ಯರು ಅನಗತ್ಯ ಪ್ರಶ್ನೆಗಳಲ್ಲಿ ಕಾಲಹರಣ ಮಾಡುತ್ತಿದ್ದಾರೆ' ಎಂದು ಬರೆದಿದೆ. ಕೆಳಗಿನ ಸಹಿ ನನ್ನದು. ಹೆಂಡತಿ ಬದುಕಿದಳೆಂಬ ಸಂತೋಷಕ್ಕಿಂತ, ನಿನ್ನೆ ಮೊನ್ನೆ ಬಂದ ಹುಡುಗಿಯ ಮಾತು ನಿಜವಾಯಿತಲ್ಲ ಎಂಬ ಉರಿ ದೊಡ್ಡದಾಗಿತ್ತು. ಆ ಉರಿಯಲ್ಲಿ ಬರೆದೆ. ಆಮೇಲೆ ಹಿಂತೆಗೆದುಕೊಳ್ಳಲು ನಾಚಿಕೆಯಾಯಿತು. ಬೇರೆಲ್ಲರೂ ಆ ನಿಯಮ ಮರೆತೇಬಿಟ್ಟಿದ್ದರು ಎಂದುಕೊಂಡಿದ್ದೆ. ಹೋದ ವಾರ ಅದು ಡಾಕ್ಟರ್ ದುವಾನ್ ಅವರ ಕೊರಳಿಗೇ ಬಿತ್ತು.

ನಾನು ಸಾಮ್ರಾಟನೇ? ಇಂಥವನಿಗೆ ಫಲಕ ಕೊಟ್ಟು, ಅವರಿಗೆ ಎಚ್ಚರಿಕೆ ಪತ್ರ ಕೊಡುತ್ತೀರಾ? ಇದು ಯಾವ ನ್ಯಾಯ? ಇದನ್ನು ನಿಮ್ಮನ್ನು ಕೇಳುತ್ತಿದ್ದೇನೋ, ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೋ, ಈಗ ನನಗೂ ತಿಳಿಯುತ್ತಿಲ್ಲ.

ಈ ಫಲಕ ಮೇಜಿನ ಮೇಲೇ ಇರಲಿ, ನಾನು ಒಯ್ಯುವುದಿಲ್ಲ. ಆ ನಿಯಮ ತಪ್ಪೆಂದು ಬರೆದ ನನ್ನ ಕಾಗದ ಅದರ ಪಕ್ಕದಲ್ಲಿದೆ. ದಯವಿಟ್ಟು ಅತಿಥಿಗಳ ಎದುರಿಗೇ ಓದಿ.

ಡಾಕ್ಟರ್ ದುವಾನ್ ಈ ಸಭೆಯಲ್ಲಿಲ್ಲ. ಅವರ ಬಾಗಿಲ ಮುಂದೆ ಇನ್ನೂ ಹನ್ನೊಂದು ಜನ ಕೂತಿದ್ದಾರೆ, ಬರುವಾಗ ನೋಡಿದೆ. ನಾನೂ ಒಂದು ಚೀಟಿ ಮಾಡಿಸಿ ಹನ್ನೆರಡನೆಯವನಾಗಿ ಕೂರುತ್ತೇನೆ. ಒಂಬತ್ತು ವರ್ಷಗಳಿಂದ ಅವರಿಗೆ ಹೇಳಬೇಕಾದ ಒಂದು ಮಾತಿದೆ. ಅದಕ್ಕೆ ಏಳು ನಿಮಿಷ ಸಾಲುವುದಿಲ್ಲ.

ಇಷ್ಟು ಹೊತ್ತು ನನ್ನ ಸಿಟ್ಟನ್ನು ಸಹಿಸಿಕೊಂಡ ನಿಮ್ಮೆಲ್ಲರಿಗೂ ಧನ್ಯವಾದ. ಊಟಕ್ಕೆ ನನಗಾಗಿ ಕಾಯಬೇಡಿ. ನಮಸ್ಕಾರ.